ಅಪ್ಪನ ಮಳೆ ಡೈರಿಯಿಂದ ಪಾಸ್‌ವರ್ಡ್ ಮಾಡಬಹುದಾ? ರ‍್ಯಾಂಡಮ್ ಅಂದರೆ ನಿಜಕ್ಕೂ ಏನು?

ಮಳೆಡೈರಿ, ನಾಪೋಕ್ಲು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಅಪ್ಪ ಬರೆದಿಟ್ಟ ಮಳೆ ಲೆಕ್ಕದ ಡೈರಿಗಳಿವೆ. 1984ರ ಜನವರಿಯಿಂದ 2023ರ ಡಿಸೆಂಬರ್ ತನಕ, 40 ವರ್ಷ, ಒಂದು ದಿನವೂ ತಪ್ಪಿಲ್ಲ. ಬೆಳಗ್ಗೆ ಅಂಗಳದ ಮಳೆಮಾಪಕ ನೋಡಿ ಇಂಚು, ಸೆಂಟಿನಲ್ಲಿ ಬರೆಯುತ್ತಿದ್ದರು. ತೋಟದವರಿಗೆ ಇದು ಗೊತ್ತು. ಬೇರೆಯವರಿಗೆ ಹೇಳುತ್ತೇನೆ, ಒಂದು ಇಂಚಿಗೆ 100 ಸೆಂಟು.

ಮಗಳು ಹೇಳಿದಳು, ಪಾಸ್‌ವರ್ಡ್ ರ‍್ಯಾಂಡಮ್ ಆಗಿರಬೇಕು, ಹುಟ್ಟಿದ ದಿನ, ಗಾಡಿ ನಂಬರ್ ಎಲ್ಲ ಇಡಬಾರದು ಅಂತ. ನನಗೆ ತಕ್ಷಣ ಹೊಳೆದದ್ದು ಈ ಡೈರಿ. ಮಳೆಗಿಂತ ರ‍್ಯಾಂಡಮ್ ಏನಿದೆ ಕೊಡಗಿನಲ್ಲಿ? ಯಾವುದೋ ಒಂದು ದಿನ ಹಿಡಿದು, ಅಲ್ಲಿಂದ ಹತ್ತು ದಿನದ ಲೆಕ್ಕ ಸಾಲಾಗಿ ಬರೆದರೆ ಉದ್ದದ ನಂಬರ್ ಸಿಗುತ್ತದೆ. ಇದು ಒಳ್ಳೆಯ ಪಾಸ್‌ವರ್ಡ್ ಅಲ್ವಾ?

ಮೂರನೇ ವರ್ಷ, ಪೊನ್ನಂಪೇಟೆ

ಅಂಕಲ್, ನಾನು ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ. ಐಡಿಯಾ ತುಂಬಾ ಚೆನ್ನಾಗಿದೆ. ಒಂದೇ ತೊಂದರೆ ಕಾಣುತ್ತದೆ. ಜನವರಿಯಲ್ಲಿ ಹೆಚ್ಚುಕಡಿಮೆ ಎಲ್ಲಾ ಸೊನ್ನೆ ಇರುತ್ತದೆ. ಜುಲೈಯಲ್ಲಿ ಸೊನ್ನೆ ಅಪರೂಪ. ಅಂದರೆ ಒಂದೇ ಮುಖ ಹೆಚ್ಚು ಬೀಳುವ ನಾಣ್ಯದ ಹಾಗೆ, ಇದು ಒಂದು ಕಡೆಗೆ ವಾಲಿದೆ.

ವಾಲಿದ ನಾಣ್ಯವನ್ನು ಸರಿ ಮಾಡಲು ಗಣಿತಜ್ಞ ಜಾನ್ ಫಾನ್ ನಾಯ್ಮನ್ 1951ರಲ್ಲಿ ಒಂದು ಉಪಾಯ ಹೇಳಿದ್ದಾರೆ. ನಾಣ್ಯವನ್ನು ಎರಡೆರಡು ಸಲ ಚಿಮ್ಮಬೇಕು. ಎರಡೂ ಸಲ ಒಂದೇ ಬಿದ್ದರೆ ಬಿಟ್ಟುಬಿಡಬೇಕು. ಮೊದಲು ತಲೆ ಆಮೇಲೆ ಬಾಲ ಬಿದ್ದರೆ 0, ಮೊದಲು ಬಾಲ ಆಮೇಲೆ ತಲೆ ಬಿದ್ದರೆ 1. ನಾಣ್ಯ ಎಷ್ಟೇ ವಾಲಿದ್ದರೂ ಈ ಎರಡಕ್ಕೂ ಅವಕಾಶ ಸಮ. ಮಳೆ ಬಂತು, ಬರಲಿಲ್ಲ ಅಂತ ಹಾಗೇ ಮಾಡಿದರೆ ಆಗಬಹುದಾ?

ವಿರಾಜಪೇಟೆ ಮೇಷ್ಟ್ರು

ಮಗಾ, ಉಪಾಯ ಸರಿಯಾಗಿ ಹೇಳಿದ್ದೀಯ. ಆದರೆ ಅದಕ್ಕೊಂದು ಷರತ್ತಿದೆ. ಒಂದು ಚಿಮ್ಮುವಿಕೆಗೂ ಇನ್ನೊಂದಕ್ಕೂ ಸಂಬಂಧ ಇರಬಾರದು. ಮಳೆಯಲ್ಲಿ ಹಾಗಿಲ್ಲ. ಇವತ್ತು ಬಂದರೆ ನಾಳೆಯೂ ಬರುವ ಸಂಭವ ಜಾಸ್ತಿ. ಹಿಡಿದರೆ ವಾರಗಟ್ಟಲೆ ಹಿಡಿಯುತ್ತದೆ. ಮೇ ಕೊನೆಯಲ್ಲಿ "ಇಲ್ಲ, ಬಂತು" ಎನ್ನುವ ಜೋಡಿ ಸಿಗುತ್ತದೆ, ಮಳೆಗಾಲ ಮುಗಿಯುವಾಗ "ಬಂತು, ಇಲ್ಲ". ಋತು ತಿಳಿದವನಿಗೆ ಉತ್ತರ ಅರ್ಧ ತಿಳಿದ ಹಾಗೆ. ಫಾನ್ ನಾಯ್ಮನ್ ಉಪಾಯ ವಾಲಿಕೆಯನ್ನು ತೆಗೆಯುತ್ತದೆ. ನಂಟನ್ನು ತೆಗೆಯುವುದಿಲ್ಲ.

ಮಳೆಡೈರಿಯವರಿಗೆ ಒಂದು ಪ್ರಶ್ನೆ. ನಿಮ್ಮ ತಂದೆಯವರು ಸೆಂಟಿನ ಕೊನೆಯ ಅಂಕೆ ಹೇಗೆ ಬರೆಯುತ್ತಿದ್ದರು? ಒಂದು ವರ್ಷದ ಪುಟಗಳನ್ನು ತಿರುವಿ ನೋಡಿ. 0 ಎಷ್ಟು ಸಲ, 5 ಎಷ್ಟು ಸಲ, 7 ಎಷ್ಟು ಸಲ?

ಮಳೆಡೈರಿ, ನಾಪೋಕ್ಲು

ಮೇಷ್ಟ್ರೇ, ರಾತ್ರಿ ಕೂತು 1997ರ ಡೈರಿ ನೋಡಿದೆ. ನೀವು ಯಾಕೆ ಕೇಳಿದಿರಿ ಅಂತ ಈಗ ಅರ್ಥವಾಯಿತು. 40, 45, 50, 85. ಪುಟ ಪುಟವೂ ಹೀಗೇ. 43 ಅಂತ ಬರೆದದ್ದು ಅಪರೂಪ. 7 ಅಂತೂ ಹುಡುಕಬೇಕು. ಅಪ್ಪ ಕಣ್ಣಂದಾಜಿನಲ್ಲಿ ಹತ್ತಿರದ 5ಕ್ಕೋ 0ಕ್ಕೋ ತಂದು ಬರೆಯುತ್ತಿದ್ದರು ಅಂತ ಕಾಣುತ್ತದೆ. 40 ವರ್ಷ ಇದೇ ಮನೆಯಲ್ಲಿದ್ದರೂ ನನಗೆ ಇದು ಗೊತ್ತಿರಲಿಲ್ಲ.

ಶಾಂತಳ್ಳಿ ಹುಡುಗಿ, ಸೋಮವಾರಪೇಟೆ

ನಾನು ಕಂಪ್ಯೂಟರ್ ಭದ್ರತೆಯ ಕೆಲಸ ಮಾಡುತ್ತೇನೆ, ಈಗ ಊರಿನಿಂದಲೇ. ಈ ವಿಷಯ ನನಗೆ ತುಂಬಾ ಹತ್ತಿರದ್ದು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ಅಣ್ಣ, ವಾಲಿಕೆ, ನಂಟು, ಕೊನೆಯ ಅಂಕೆ ಎಲ್ಲ ಆಮೇಲೆ. ಮೊದಲು ಕೇಳಬೇಕಾದದ್ದು ಬೇರೆ. ಕಳ್ಳನಿಗೆ ಏನು ಗೊತ್ತಿದೆ? ನಿಮ್ಮ ಡೈರಿ ಅವನ ಕೈಗೆ ಸಿಕ್ಕಿತು ಅಂತಿಟ್ಟುಕೊಳ್ಳಿ. ನೀವು ಹೇಗೆ ಪಾಸ್‌ವರ್ಡ್ ಮಾಡುತ್ತೀರಿ ಅನ್ನುವುದೂ ಗೊತ್ತು, ಇಲ್ಲೇ ಬರೆದಿದ್ದೀರಲ್ಲ. ಈಗ ಅವನು ಊಹಿಸಬೇಕಾದದ್ದು ಒಂದೇ, ನೀವು ಯಾವ ದಿನದಿಂದ ಶುರು ಮಾಡಿದಿರಿ ಅನ್ನುವುದು. 40 ವರ್ಷಕ್ಕೆ 365ರಂತೆ 14,600 ದಿನ. ನಿಮ್ಮ ಪಾಸ್‌ವರ್ಡ್ ಮೂವತ್ತು ಅಂಕೆ ಇರಲಿ, ಮುನ್ನೂರು ಇರಲಿ, ಅವನು 14,600 ಸಲ ಪ್ರಯತ್ನಿಸಿದರೆ ಮುಗಿಯಿತು. ಕಂಪ್ಯೂಟರಿಗೆ ಅದು ಕಣ್ಣು ಮಿಟುಕಿಸುವ ಕೆಲಸ.

ಡೈರಿ ಅವನಿಗೆ ಹೇಗೆ ಸಿಗುತ್ತದೆ ಅಂತ ಕೇಳಬಹುದು. ಮಳೆ ಲೆಕ್ಕ ಅಕ್ಕಪಕ್ಕದ ತೋಟದವರ ಹತ್ತಿರವೂ ಇದೆ, ಪೇಪರಿನಲ್ಲೂ ಬರುತ್ತದೆ. ನಿಮ್ಮದರ ಹಾಗೇ ಇರುವುದಿಲ್ಲ, ನಿಜ. ಆದರೆ ಗುಟ್ಟು ಅಂತ ಅದನ್ನು ನಂಬುವ ಹಾಗಿಲ್ಲ. ಗೂಢಲಿಪಿಯಲ್ಲಿ ರ‍್ಯಾಂಡಮ್ ಅನ್ನುವುದು ಅಂಕೆಯ ಗುಣವೇ ಅಲ್ಲ. ಎದುರಿನವನಿಗೆ ಅದು ಎಷ್ಟು ಗೊತ್ತಿಲ್ಲ ಅನ್ನುವುದರ ಅಳತೆ.

ಇದು ನಿಜವಾಗಿ ನಡೆದದ್ದೇ. 2006ರಲ್ಲಿ, ಕಂಪ್ಯೂಟರ್ ನಡೆಸುವ ವ್ಯವಸ್ಥೆಯಾದ ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ, ಗೂಢಲಿಪಿಯ ಕೀಲಿ ತಯಾರಿಸುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಿಂದ ಒಂದೆರಡು ಸಾಲು ತೆಗೆದರು. ತಪ್ಪು ಹುಡುಕುವ ಒಂದು ಸಾಧನ ಆ ಸಾಲಿನ ಬಗ್ಗೆ ದೂರುತ್ತಿತ್ತು, ಅದಕ್ಕೇ ತೆಗೆದದ್ದು. ರ‍್ಯಾಂಡಮ್ ಅಂಶ ಒಳಗೆ ಬರುತ್ತಿದ್ದದ್ದೇ ಆ ಸಾಲುಗಳಿಂದ. ಆಮೇಲೆ ಉಳಿದದ್ದು ಪ್ರೋಗ್ರಾಮಿಗೆ ಕಂಪ್ಯೂಟರ್ ಕೊಡುವ ಕ್ರಮಸಂಖ್ಯೆ ಮಾತ್ರ. ಅದು 32,768 ದಾಟುತ್ತಿರಲಿಲ್ಲ. ಕೀಲಿಗಳು ನೋಡಲು ನೂರಾರು ಅಂಕೆಯ ದೊಡ್ಡ ದೊಡ್ಡ ಸಂಖ್ಯೆಗಳು. ಆದರೆ ಒಂದು ಬಗೆಯ ಕಂಪ್ಯೂಟರಿನಲ್ಲಿ ಒಂದು ಅಳತೆಯ ಕೀಲಿ ಎಂದರೆ ಸುಮಾರು 32 ಸಾವಿರದಲ್ಲಿ ಒಂದು. 2008ರ ಮೇ ತಿಂಗಳಲ್ಲಿ ಇದು ಹೊರಬಂತು. ಎರಡು ವರ್ಷ ಯಾರಿಗೂ ಗೊತ್ತಾಗಿರಲಿಲ್ಲ. ಯಾಕೆಂದರೆ ಎಲ್ಲವೂ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಬೀಗ ಹಾಕಿಕೊಳ್ಳುತ್ತಿತ್ತು, ಕೀಲಿ ತಿರುಗುತ್ತಿತ್ತು. ರ‍್ಯಾಂಡಮ್ ಕೆಟ್ಟರೆ ಸದ್ದೇ ಬರುವುದಿಲ್ಲ. ನನ್ನನ್ನು ಹೆದರಿಸುವುದು ಇದೇ.

ನನ್ನ ಕೈಯಲ್ಲೂ ಒಮ್ಮೆ ಇಂಥದ್ದು ಆಗಿದೆ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ಉಡುಗೊರೆ ಕೂಪನ್ನಿನ ಕೋಡ್ ತಯಾರಿಸುವ ಪ್ರೋಗ್ರಾಮ್ ಬರೆದಿದ್ದೆ. ಬೀಜವಾಗಿ, ಅಂದರೆ ಲೆಕ್ಕ ಶುರುವಾಗುವ ಸಂಖ್ಯೆಯಾಗಿ, ಆ ಕ್ಷಣದ ಸಮಯ ಕೊಟ್ಟಿದ್ದೆ, ಸೆಕೆಂಡಿನ ಲೆಕ್ಕದಲ್ಲಿ. ಒಂದು ದಿನಕ್ಕೆ 86,400 ಸೆಕೆಂಡ್. ಯಾವ ದಿನ ಕೂಪನ್ ಮಾಡಿದೆವು ಅಂತ ಜಾಹೀರಾತಿನಲ್ಲೇ ಇತ್ತು. ಒಬ್ಬ ಗ್ರಾಹಕ ಅಷ್ಟನ್ನೂ ಲೆಕ್ಕ ಹಾಕಿ ಎಲ್ಲಾ ಕೋಡ್ ಹೊರತೆಗೆದ. ಅವನು ಒಳ್ಳೆಯವನು, ಬಳಸಲಿಲ್ಲ, ನಮಗೆ ಪತ್ರ ಬರೆದ. ಆ ಪತ್ರ ಓದಿದ ದಿನ ನಾನು ಊಟ ಮಾಡಿರಲಿಲ್ಲ.

ಕಣದ ಕಾವಲು, ಅಮ್ಮತ್ತಿ

ಈ ಮಾತು ನನಗೆ ಚೆನ್ನಾಗಿ ಅರ್ಥವಾಯಿತಮ್ಮ. ನಮ್ಮಲ್ಲಿ ಕಾಫಿ ಕಣದಲ್ಲಿ ಒಣಗಲು ಹಾಕಿದಾಗ ರಾತ್ರಿ ಕಾವಲು ಇಡುತ್ತೇವೆ. ಹತ್ತಕ್ಕೆ ಒಂದು ಸುತ್ತು, ಒಂದಕ್ಕೆ ಒಂದು, ನಾಲ್ಕಕ್ಕೆ ಒಂದು. ಕಾವಲಿನವನು ಒಂದು ದಿನವೂ ಸಮಯ ತಪ್ಪಿಸಲಿಲ್ಲ. ಆದರೂ ಹಿಂದಿನ ವರ್ಷ ನಾಲ್ಕು ಮೂಟೆ ಹೋಯಿತು. ಕಳ್ಳ ಎರಡೂವರೆಗೆ ಬಂದಿದ್ದ. ಅವನಿಗೆ ನಮ್ಮ ಗಡಿಯಾರ ಗೊತ್ತಿತ್ತು.

ಈಗ ದಿನಾ ಸಂಜೆ ಡಬ್ಬಿಯಿಂದ ಚೀಟಿ ಎತ್ತುತ್ತೇವೆ. ಚೀಟಿಯಲ್ಲಿ ಬಂದ ಹೊತ್ತಿಗೆ ಸುತ್ತು. ನನಗೇ ಸಂಜೆಯ ತನಕ ಗೊತ್ತಿರುವುದಿಲ್ಲ. ಸುತ್ತು ಈಗಲೂ ಮೂರೇ, ಕೆಲಸ ಜಾಸ್ತಿ ಆಗಿಲ್ಲ. ಅಂದಿನಿಂದ ಒಂದು ಮೂಟೆಯೂ ಹೋಗಿಲ್ಲ.

ವಿರಾಜಪೇಟೆ ಮೇಷ್ಟ್ರು

ಕಾವಲಿನವರೇ, ಕಂಪ್ಯೂಟರ್ ಲೆಕ್ಕದಲ್ಲಿ ರ‍್ಯಾಂಡಮ್ ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ನಾನು ತರಗತಿಯಲ್ಲಿ ಕ್ವಿಕ್‌ಸಾರ್ಟ್ ಹೇಳುತ್ತಿದ್ದೆ. ಹೆಸರುಗಳ ಪಟ್ಟಿಯನ್ನು ಅಕ್ಷರದ ಕ್ರಮಕ್ಕೆ ತರುವ ವಿಧಾನ. ಒಂದು ಹೆಸರನ್ನು ನಡುಗಂಬ ಮಾಡಿಕೊಂಡು, ಚಿಕ್ಕವು ಆ ಕಡೆ, ದೊಡ್ಡವು ಈ ಕಡೆ ಅಂತ ಬೇರೆ ಮಾಡುತ್ತಾ ಹೋಗುತ್ತದೆ. ಯಾವಾಗಲೂ ಮೊದಲ ಹೆಸರನ್ನೇ ನಡುಗಂಬ ಮಾಡಿದರೆ, ಮೊದಲೇ ಕ್ರಮದಲ್ಲಿರುವ ಒಂದು ಲಕ್ಷ ಹೆಸರು ಕೊಟ್ಟಾಗ ಸುಮಾರು 500 ಕೋಟಿ ಸಲ ಹೋಲಿಸಬೇಕಾಗುತ್ತದೆ. ನಡುಗಂಬವನ್ನು ಚೀಟಿ ಎತ್ತಿ ಆರಿಸಿದರೆ ಸರಾಸರಿ ಸುಮಾರು 20 ಲಕ್ಷದಲ್ಲಿ ಮುಗಿಯುತ್ತದೆ. ಯಾವ ಪಟ್ಟಿ ಕೊಟ್ಟರೂ ಅಷ್ಟೇ. ನಮ್ಮನ್ನು ಸೋಲಿಸುವ ಪಟ್ಟಿ ಮಾಡಲು ಶತ್ರುವಿಗೆ ಆಗುವುದಿಲ್ಲ, ಯಾಕೆಂದರೆ ನಮ್ಮ ಚೀಟಿ ನಮಗೇ ಇನ್ನೂ ಗೊತ್ತಿಲ್ಲ.

ಅವಿಭಾಜ್ಯ ಸಂಖ್ಯೆಯ ವಿಷಯವೂ ಹೇಳಬೇಕು. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಮಾಡಿದ ಆರ್‌ಎಸ್‌ಎ ಗೂಢಲಿಪಿಗೆ ನೂರಾರು ಅಂಕೆಯ ಎರಡು ಅವಿಭಾಜ್ಯ ಸಂಖ್ಯೆ ಬೇಕು. ಒಂದು ದೊಡ್ಡ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಹೇಗೆ ತಿಳಿಯುವುದು? ಭಾಗಿಸುತ್ತಾ ಕೂತರೆ ಜನ್ಮ ಸಾಲದು. ಮಿಲ್ಲರ್ ಮತ್ತು ರಾಬಿನ್ ಅವರ ಪರೀಕ್ಷೆಯಲ್ಲಿ ರ‍್ಯಾಂಡಮ್ ಆಗಿ ಒಂದು ಸಂಖ್ಯೆ ಆರಿಸಿ ಅದನ್ನು ಸಾಕ್ಷಿ ಕೇಳುತ್ತೇವೆ. ಅವಿಭಾಜ್ಯ ಅಲ್ಲದ ಸಂಖ್ಯೆ ಒಂದು ಸಲದ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುವ ಸಂಭವ ಹೆಚ್ಚೆಂದರೆ ನಾಲ್ಕರಲ್ಲಿ ಒಂದು. 40 ಸಲ ಬೇರೆ ಬೇರೆ ಸಾಕ್ಷಿ ಕೇಳಿದರೆ, ತಪ್ಪಿಸಿಕೊಳ್ಳುವುದಕ್ಕೆ 1ರ ಮುಂದೆ 24 ಸೊನ್ನೆ ಹಾಕಿದರೆ ಬರುವಷ್ಟರಲ್ಲಿ ಒಂದು ಅವಕಾಶವೂ ಇಲ್ಲ.

2002ರಲ್ಲಿ ನಮ್ಮ ಕಾನ್ಪುರದ ಐಐಟಿಯಲ್ಲಿ ಮಣೀಂದ್ರ ಅಗರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಒಂದು ದೊಡ್ಡ ಕೆಲಸ ಮಾಡಿದರು. ಚೀಟಿಯೇ ಎತ್ತದೆ, ರ‍್ಯಾಂಡಮ್ ಇಲ್ಲದೆ, ಅವಿಭಾಜ್ಯವನ್ನು ಬೇಗ ಗುರುತಿಸುವ ವಿಧಾನ. ಕಯಾಲ್, ಸಕ್ಸೇನಾ ಆಗ ವಿದ್ಯಾರ್ಥಿಗಳು. ಆ ವಾರ ನಾನು ತರಗತಿಯಲ್ಲಿ ಪಾಠ ಬಿಟ್ಟು ಅದನ್ನೇ ಹೇಳಿದ್ದೆ.

ಕುಶಾಲನಗರದವನು

ಎಲ್ಲಾ ಓದಿದೆ. ನನಗೊಂದು ಸಂಶಯ. ಮಳೆಯೂ ಗಾಳಿ, ಶಾಖ, ಒತ್ತಡದ ನಿಯಮದಂತೆಯೇ ಬರುವುದು. ದಾಳವೂ ಹಾಗೇ ಬೀಳುವುದು. ಎಲ್ಲವೂ ನಿಯಮ ಅಂದ ಮೇಲೆ ರ‍್ಯಾಂಡಮ್ ಅನ್ನುವುದು ಇದೆಯಾ? ಇಲ್ಲದ ವಸ್ತುವಿನ ಮೇಲೆ ಬೀಗ ಕಟ್ಟುವುದು ಹೇಗೆ? ಕಾನ್ಪುರದವರು ತೋರಿಸಿದ ಹಾಗೆ ಅದಿಲ್ಲದೆಯೇ ಎಲ್ಲ ಕೆಲಸ ಮಾಡಬಹುದಲ್ಲ.

ವಿರಾಜಪೇಟೆ ಮೇಷ್ಟ್ರು

ಬಹಳ ಒಳ್ಳೆಯ ಪ್ರಶ್ನೆ. ತಲಕಾವೇರಿಯ ತೀರ್ಥೋದ್ಭವ ನೆನಪಿಸಿಕೊಳ್ಳಿ. ತುಲಾ ಸಂಕ್ರಮಣದ ಮುಹೂರ್ತ ಗಂಟೆ, ನಿಮಿಷದ ಸಮೇತ ಮೊದಲೇ ತಿಳಿಸುತ್ತಾರೆ. ಕಾಫಿ ಹೂ ಬಿಡಿಸುವ ಹೂಮಳೆ ಯಾವ ದಿನ ಬೀಳುತ್ತದೆ ಅಂತ ಹಾಗೆ ಹೇಳುವವರು ಯಾರಿದ್ದಾರೆ? ಸೂರ್ಯನಿಗೂ ನಿಯಮ ಇದೆ, ಮೋಡಕ್ಕೂ ನಿಯಮ ಇದೆ. ವ್ಯತ್ಯಾಸ ಇರುವುದು ಲೆಕ್ಕ ಹಾಕುವ ನಮ್ಮ ಶಕ್ತಿಯಲ್ಲಿ.

1980ರ ದಶಕದ ಆರಂಭದಲ್ಲಿ ಮ್ಯಾನುಯೆಲ್ ಬ್ಲಮ್, ಸಿಲ್ವಿಯೊ ಮಿಕಾಲಿ, ಆಂಡ್ರೂ ಯಾವೊ ಹಿಡಿದದ್ದು ಇದನ್ನೇ. ಒಂದು ಸಾಲು ನಿಜಕ್ಕೂ ರ‍್ಯಾಂಡಮ್ಮಾ ಅಂತ ಕೇಳಬೇಡಿ. ನಿಜವಾದ ನಾಣ್ಯದ ಸಾಲು ಒಂದು ಕಡೆ, ಈ ಸಾಲು ಒಂದು ಕಡೆ ಇಟ್ಟಾಗ, ಮಿತಿಯಾದ ಸಮಯ ಇರುವವನು ಎರಡನ್ನೂ ಬೇರೆ ಮಾಡಿ ಗುರುತಿಸಬಲ್ಲನಾ ಅಂತ ಕೇಳಿ. ಗುರುತಿಸಲಾರ ಅಂದರೆ ನಮ್ಮ ಕೆಲಸಕ್ಕೆ ಅದು ರ‍್ಯಾಂಡಮ್ಮೇ. ಆಗ 128 ನಾಣ್ಯ ಚಿಮ್ಮಿ ಬಂದ ಚಿಕ್ಕ ಬೀಜದಿಂದ ಲಕ್ಷಾಂತರ ಅಂಕೆ ಬೆಳೆಯಬಹುದು. ಆದರೆ ಇದಕ್ಕೊಂದು ನಂಬಿಕೆ ಬೇಕು. ಮುಂದಕ್ಕೆ ಮಾಡಲು ಸುಲಭ, ಹಿಂದಕ್ಕೆ ಬಿಡಿಸಲು ಕಷ್ಟ ಅನ್ನುವ ಲೆಕ್ಕಗಳು ಇವೆ ಎಂಬ ನಂಬಿಕೆ. ಅದನ್ನು ಇವತ್ತಿನ ತನಕ ಯಾರೂ ಸಾಧಿಸಿ ತೋರಿಸಿಲ್ಲ.

ಕಾನ್ಪುರದ ಮಾತಿಗೆ ಬರುತ್ತೇನೆ. ನೀವು ಹೇಳಿದ್ದು ಲೆಕ್ಕ ಮಾಡುವ ಕೆಲಸಕ್ಕೆ ಬಹುಶಃ ನಿಜ. 1997ರಲ್ಲಿ ರಸೆಲ್ ಇಂಪಾಲಿಯಾಝೊ ಮತ್ತು ಅವಿ ವಿಗ್ಡರ್ಸನ್ ಹೀಗೆ ತೋರಿಸಿದರು: ಕೆಲವು ಲೆಕ್ಕಗಳು ನಿಜಕ್ಕೂ ತುಂಬಾ ಕಷ್ಟದವು ಎಂದಾದರೆ, ಚೀಟಿ ಎತ್ತಿ ಬೇಗ ಮಾಡುವ ಯಾವ ಲೆಕ್ಕವನ್ನೂ ಚೀಟಿ ಇಲ್ಲದೆಯೂ ಬೇಗ ಮಾಡಬಹುದು. ಕಷ್ಟವೇ ರ‍್ಯಾಂಡಮ್ ಜಾಗದಲ್ಲಿ ನಿಲ್ಲುತ್ತದೆ. ವಿಗ್ಡರ್ಸನ್ ಅವರಿಗೆ ಗಣಿತದ 2021ರ ಆಬೆಲ್ ಪ್ರಶಸ್ತಿ, ಕಂಪ್ಯೂಟರ್ ವಿಜ್ಞಾನದ 2023ರ ಟ್ಯೂರಿಂಗ್ ಪ್ರಶಸ್ತಿ ಎರಡೂ ಬಂದವು.

ಶಾಂತಳ್ಳಿ ಹುಡುಗಿ, ಸೋಮವಾರಪೇಟೆ

ಮೇಷ್ಟ್ರು ನಿಲ್ಲಿಸಿದ ಕಡೆಯಿಂದ ಹಿಡಿಯುತ್ತೇನೆ. ಲೆಕ್ಕದಿಂದ ರ‍್ಯಾಂಡಮ್ಮನ್ನು ತೆಗೆಯಬಹುದು. ಗೂಢಲಿಪಿಯಿಂದ ಎಂದೂ ತೆಗೆಯಲಾಗದು. ನನ್ನ ಹತ್ತಿರ ಇರುವ ಪ್ರೋಗ್ರಾಮ್ ಕಳ್ಳನ ಹತ್ತಿರವೂ ಇದೆ. ರ‍್ಯಾಂಡಮ್ ಇಲ್ಲ ಅಂದರೆ ನನ್ನ ಪ್ರೋಗ್ರಾಮ್ ಕೊಡುವ ಉತ್ತರವನ್ನೇ ಅವನದ್ದೂ ಕೊಡುತ್ತದೆ. ಅವನ ಹತ್ತಿರ ಇಲ್ಲದ್ದು ಏನಾದರೂ ನನ್ನ ಹತ್ತಿರ ಇರಬೇಕು. ಅದು ನಾಣ್ಯದಿಂದಲೇ ಬರಬೇಕು.

ಕೀಲಿಗೆ ಮಾತ್ರ ಅಲ್ಲ, ಪ್ರತಿ ಸಂದೇಶಕ್ಕೂ ಬೇಕು. ನಾನು ಮೆಣಸು ಮಾರಬೇಕಾ ಅಂತ ಅಣ್ಣನನ್ನು ಕೇಳಿದೆ, ಅವರು "ಮಾರು" ಅಥವಾ "ಬೇಡ" ಅಂತ ನನ್ನ ಬಹಿರಂಗ ಕೀಲಿಯಿಂದ ಮುಚ್ಚಿ ಕಳುಹಿಸುತ್ತಾರೆ. ಆ ಕೀಲಿ ಎಲ್ಲರಿಗೂ ಸಿಗುತ್ತದೆ, ಅದರಿಂದ ಮುಚ್ಚಬಹುದು ಅಷ್ಟೇ, ತೆರೆಯಲು ನನ್ನ ಗುಟ್ಟಿನ ಕೀಲಿಯೇ ಬೇಕು. ವ್ಯಾಪಾರಿ ಅದರಿಂದಲೇ "ಮಾರು" ಒಂದು ಸಲ, "ಬೇಡ" ಒಂದು ಸಲ ಮುಚ್ಚಿ, ಅಣ್ಣನ ಸಂದೇಶ ಯಾವುದಕ್ಕೆ ಹೊಂದುತ್ತದೆ ಅಂತ ನೋಡಿದರೆ ಆಯಿತು. ಬೀಗ ಮುರಿಯುವುದೇ ಬೇಡ. 1982ರಲ್ಲಿ ಶಾಫಿ ಗೋಲ್ಡ್‌ವಾಸರ್ ಮತ್ತು ಮಿಕಾಲಿ ಇದಕ್ಕೆ ದಾರಿ ತೋರಿಸಿದರು. ಮುಚ್ಚುವಾಗ ಪ್ರತಿ ಸಲ ಹೊಸದಾಗಿ ನಾಣ್ಯ ಚಿಮ್ಮಬೇಕು, ಒಂದೇ "ಮಾರು" ಪ್ರತಿ ಸಲವೂ ಬೇರೆಯಾಗಿ ಕಾಣಬೇಕು. ಇಬ್ಬರಿಗೂ 2012ರ ಟ್ಯೂರಿಂಗ್ ಪ್ರಶಸ್ತಿ ಬಂತು. ಇವತ್ತು ಫೋನಿನಲ್ಲಿ ನಾವು ಕಳುಹಿಸುವ ಒಂದೊಂದು ಮಾತಿನ ಹಿಂದೆಯೂ ಈ ಯೋಚನೆ ಇದೆ.

ಹೊಸ ನಾಣ್ಯ ಚಿಮ್ಮದೆ ಹಳೆಯದನ್ನೇ ಬಳಸಿದರೆ ಏನಾಗುತ್ತದೆ ಅನ್ನುವುದಕ್ಕೆ ಸೋನಿಯ ಪ್ಲೇಸ್ಟೇಷನ್ 3 ಎಂಬ ಆಟದ ಯಂತ್ರ ಸಾಕ್ಷಿ. ತಂತ್ರಾಂಶ ಅಸಲಿ ಎಂದು ತೋರಿಸುವ ಅದರ ಡಿಜಿಟಲ್ ಸಹಿಯಲ್ಲಿ ಪ್ರತಿ ಸಲ ಬದಲಾಗಬೇಕಾದ ರ‍್ಯಾಂಡಮ್ ಸಂಖ್ಯೆ ಬದಲಾಗುತ್ತಲೇ ಇರಲಿಲ್ಲ. ಎರಡು ಸಹಿ ಪಕ್ಕಪಕ್ಕ ಇಟ್ಟು, ಶಾಲೆಯಲ್ಲಿ ಕಲಿತ ಎರಡು ಸಮೀಕರಣ ಬಿಡಿಸಿದ ಹಾಗೆ ಬಿಡಿಸಿದರೆ ಗುಟ್ಟಿನ ಕೀಲಿಯೇ ಹೊರಗೆ. 2010ರ ಡಿಸೆಂಬರಿನಲ್ಲಿ ಬರ್ಲಿನ್‌ನ ಒಂದು ಸಮ್ಮೇಳನದಲ್ಲಿ ಇದನ್ನು ಎಲ್ಲರ ಮುಂದೆ ತೋರಿಸಿದರು.

ಮಳೆಡೈರಿ, ನಾಪೋಕ್ಲು

ಅಂದರೆ ಅಪ್ಪನ ಡೈರಿ ಕೆಲಸಕ್ಕೆ ಬರುವುದಿಲ್ಲ. ಒಪ್ಪುತ್ತೇನೆ. ಸ್ವಲ್ಪ ಬೇಜಾರಾಯಿತು ಅಷ್ಟೇ.

ಮೂರನೇ ವರ್ಷ, ಪೊನ್ನಂಪೇಟೆ

ಅಂಕಲ್, ನಿಲ್ಲಿ! ಬರುತ್ತದೆ ಅಂತ ನನಗನ್ನಿಸುತ್ತದೆ. ಡೈರಿ ಎಲ್ಲರಿಗೂ ಗೊತ್ತಿರಲಿ. ಅದರಿಂದ ದಿನ ಆರಿಸುವುದನ್ನು ದಾಳಕ್ಕೆ ಬಿಡೋಣ. ದಾಳದಿಂದ ಬಂದ ಆರು ತಾರೀಖು ಸಾಲಾಗಿ ಬರೆದರೆ ಅದೇ ಪಾಸ್‌ವರ್ಡ್. ಒಂದು ದಿನಕ್ಕೆ 14,600 ಆಯ್ಕೆ ಅಂದರೆ ಸುಮಾರು 13.8 ಬಿಟ್. ಒಂದು ಬಿಟ್ ಅಂದರೆ ನಾಣ್ಯ ಒಂದು ಸಲ ಚಿಮ್ಮಿದಷ್ಟು. ಆರು ದಿನಕ್ಕೆ 83 ಬಿಟ್ ಆಗುತ್ತದೆ. ಮಳೆಯ ಅಂಕೆ ಬೇಡ, ಅದರಲ್ಲಿ ಸೊನ್ನೆಗಳೂ ಐದುಗಳೂ ಜಾಸ್ತಿ. ತಾರೀಖು ಮಾತ್ರ ಸಾಕು. ಮಳೆಯ ಲೆಕ್ಕ ನೆನಪಿಟ್ಟುಕೊಳ್ಳಲು.

ದಾಳ ಆರು ಸಲ ಹಾಕಿದರೆ 46,656 ಸಾಧ್ಯತೆ. ಅವಕ್ಕೆ ಸಾಲಾಗಿ ಸಂಖ್ಯೆ ಕೊಟ್ಟು, ಬಿದ್ದ ಸಾಧ್ಯತೆಯ ಸಂಖ್ಯೆಯನ್ನು 14,600ರಿಂದ ಭಾಗಿಸಿ ಶೇಷ ತೆಗೆದುಕೊಂಡರೆ ಒಂದು ದಿನ ಸಿಗುತ್ತದೆ.

ವಿರಾಜಪೇಟೆ ಮೇಷ್ಟ್ರು

ಶಭಾಷ್! ಎರಡು ತಿದ್ದುಪಡಿ ಮಾತ್ರ. ಫೆಬ್ರವರಿ 29 ಬಿಟ್ಟುಹೋಗಿದೆ. 1984ರಿಂದ 2023ರ ಒಳಗೆ ಹತ್ತು ಸಲ ಬಂದಿದೆ, ಹಾಗಾಗಿ 14,610 ದಿನ.

ಇನ್ನೊಂದು ಮುಖ್ಯವಾದದ್ದು. 14,610ರ ಮೂರು ಪಟ್ಟು 43,830. 46,656ರಲ್ಲಿ ಅದು ಹೋದರೆ 2,826 ಉಳಿಯಿತು. ಹಾಗೇ ಶೇಷ ತೆಗೆದರೆ ಮೊದಲ 2,826 ದಿನಗಳಿಗೆ ನಾಲ್ಕು ಅವಕಾಶ, ಉಳಿದ ದಿನಗಳಿಗೆ ಮೂರೇ. ಹಳೆಯ ಡೈರಿಗಳ ಕಡೆಗೆ ತಕ್ಕಡಿ ವಾಲಿತು. ಆದ್ದರಿಂದ ಮೊದಲ ಸಾಧ್ಯತೆಯನ್ನು 0 ಅಂತ ಎಣಿಸಿ, 43,830 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಬಿಟ್ಟು ಮತ್ತೆ ದಾಳ ಹಾಕಿ. ದೊಡ್ಡ ದೊಡ್ಡ ಪ್ರೋಗ್ರಾಮುಗಳಲ್ಲೂ ಈ ತಪ್ಪು ನುಸುಳುತ್ತದೆ.

ಶಾಂತಳ್ಳಿ ಹುಡುಗಿ, ಸೋಮವಾರಪೇಟೆ

ನಾನು ಒಂದೇ ಮಾತು ಸೇರಿಸುತ್ತೇನೆ. ದಾಳ ಕೊಟ್ಟ ದಿನ ಇಷ್ಟವಾಗಲಿಲ್ಲ ಅಂತ ಬದಲಾಯಿಸಬೇಡಿ ಅಣ್ಣ. ನಮ್ಮ ಇಷ್ಟಕ್ಕೆ ಬಿಟ್ಟರೆ ಎಲ್ಲರೂ 2018ರ ಆಗಸ್ಟ್ ಪುಟಕ್ಕೇ ಹೋಗುತ್ತೇವೆ. ಗುಡ್ಡ ಜಾರಿದ ಆ ವಾರವನ್ನು ಕೊಡಗಿನಲ್ಲಿ ಯಾರು ಮರೆಯುತ್ತಾರೆ? ಮರೆಯಲಾಗದ ದಿನವನ್ನೇ ಕಳ್ಳ ಮೊದಲು ಪ್ರಯತ್ನಿಸುವುದು. ಮತ್ತೆ, ಪಾಸ್‌ವರ್ಡನ್ನು ಇಲ್ಲಿ ಬರೆಯಬೇಡಿ, ಹೇಗೆ ಮಾಡಿದಿರಿ ಅಂತ ಬೇಕಾದರೆ ಬರೆಯಿರಿ.

ಮಳೆಡೈರಿ, ನಾಪೋಕ್ಲು

ಆಯಿತು ತಂಗಿ. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಮಗಳು, ನಾನು, ಅಮ್ಮ ಮೂವರೂ ಕೂತೆವು. ಅಮ್ಮ ದಾಳ ಹಾಕಿದರು, ಮಗಳು ಲೆಕ್ಕ ಹಾಕಿದಳು, ನಾನು ಡೈರಿ ತೆಗೆದೆ. ಒಂದು ಸಲ 43,830 ದಾಟಿತು, ಮೇಷ್ಟ್ರು ಹೇಳಿದ ಹಾಗೆ ಮತ್ತೆ ಹಾಕಿದೆವು. ಆರು ದಿನ ಸಿಕ್ಕಿತು. ಯಾವುದೂ ವಿಶೇಷ ದಿನ ಅಲ್ಲ. ಒಂದು ಪುಟದಲ್ಲಿ ಅಪ್ಪ ಮಳೆಯ ಪಕ್ಕ "ಗೊಬ್ಬರ ಹಾಕಿ ಮುಗಿಯಿತು" ಅಂತ ಬರೆದಿದ್ದಾರೆ. ಅಮ್ಮ ಅದನ್ನು ಎರಡು ಸಲ ಓದಿಸಿಕೊಂಡರು. ದಾಳ ತೋರಿಸದಿದ್ದರೆ ನಾವು ಆ ಪುಟ ತೆರೆಯುತ್ತಲೇ ಇರಲಿಲ್ಲ.

2024ರಿಂದ ಮಳೆಮಾಪಕ ಹಾಗೇ ಅಂಗಳದಲ್ಲಿ ನಿಂತಿತ್ತು. ಮಗಳು ಅದನ್ನು ತೊಳೆದಿಟ್ಟಿದ್ದಾಳೆ. ಇವತ್ತು ಬೆಳಗ್ಗೆ ನೋಡಿದರೆ 87 ಸೆಂಟು. ಹೊಸ ಡೈರಿಯಲ್ಲಿ 87 ಅಂತಲೇ ಬರೆದೆ.

ಕಣದ ಕಾವಲು, ಅಮ್ಮತ್ತಿ

ನಮ್ಮಲ್ಲಿ 62. ಹೂ ಬಿಡಲು ಇನ್ನೂ ಸ್ವಲ್ಪ ಬೇಕು.